ಮಾಡೆಲ್ ರೈಲಿನ ಕ್ರಾಸಿಂಗ್‌ನಲ್ಲಿ ಡಿಕ್ಕಿ ತಪ್ಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ಒಂದು ಹಳಿ ಇನ್ನೊಂದು ಹಳಿಯನ್ನು ಅದೇ ಮಟ್ಟದಲ್ಲಿ ಅಡ್ಡ ಹಾಯುವ ಜಾಗದ ಬಗ್ಗೆ, ಅಂದರೆ ಡೈಮಂಡ್ ಕ್ರಾಸಿಂಗ್ ಬಗ್ಗೆ. ರಸ್ತೆಯ ಗೇಟಿನ ವಿಷಯ ಅಲ್ಲ. ಅಳತೆ ಬಂದ ಕಡೆಯೆಲ್ಲ ಎಚ್‌ಒ ಸ್ಕೇಲ್ (1:87, ಕಂಬಿಗಳ ನಡುವೆ 16.5 ಮಿ.ಮೀ.) ಹಿಡಿದಿದ್ದೇನೆ. ಎನ್ ಸ್ಕೇಲ್‌ನವರು (1:160) ಸುಮಾರು ಅರ್ಧ ಅಂದುಕೊಂಡು ಓದಿ.

ಎರಡು ರೈಲಿನ ವೇಗ ನೋಡಿಕೊಂಡು ಹೊಂದಿಸಿದರೆ ಆಗಲ್ವಾ? ಇಷ್ಟೆಲ್ಲ ವೈರಿಂಗ್ ಯಾಕೆ?

ಆಗುವುದಿಲ್ಲ. ಒಂದು ರೈಲು ತನ್ನ ಸುತ್ತನ್ನು 40 ಸೆಕೆಂಡಿನಲ್ಲಿ ಮುಗಿಸುತ್ತದೆ, ಇನ್ನೊಂದು 50 ಸೆಕೆಂಡಿನಲ್ಲಿ ಅಂತಿಟ್ಟುಕೊಳ್ಳಿ. ಒಮ್ಮೆ ಎರಡೂ ಕ್ರಾಸಿಂಗ್‌ಗೆ ಒಟ್ಟಿಗೆ ಬಂದವು ಅಂದರೆ, ಸರಿಯಾಗಿ 200 ಸೆಕೆಂಡ್ ಆದಮೇಲೆ ಮತ್ತೆ ಒಟ್ಟಿಗೇ ಬರುತ್ತವೆ. ನಡುವಿನ ಸುತ್ತುಗಳಲ್ಲೂ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವ ಸಂದರ್ಭ ಬರಬಹುದು, ಯಾಕೆಂದರೆ ರೈಲು ಒಂದು ಚುಕ್ಕೆಯಲ್ಲ, ಅದಕ್ಕೆ ಉದ್ದ ಇದೆ. ಎಚ್‌ಒ ರೈಲು ನಿಜವಾದ ರೈಲಿನ ಗಂಟೆಗೆ 60 ಕಿ.ಮೀ. ವೇಗವನ್ನು ಸ್ಕೇಲ್‌ಗೆ ತಕ್ಕಂತೆ ಓಡಿದರೆ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಹೋಗುತ್ತದೆ. ಒಂದೂವರೆ ಮೀಟರ್ ಉದ್ದದ ರೈಲು ಕ್ರಾಸಿಂಗ್ ದಾಟಿ ಮುಗಿಸಲು ಎಂಟು ಸೆಕೆಂಡ್ ಬೇಕು.

ಸರಿ, ಎರಡನ್ನೂ 45 ಸೆಕೆಂಡಿಗೆ ಹೊಂದಿಸ್ತೀನಿ ಅನ್ನುತ್ತೀರಾ? ಮೋಟಾರು ಬಿಸಿಯಾದಂತೆ ಎಂಜಿನ್ ಸ್ವಲ್ಪ ಜೋರಾಗುತ್ತದೆ. ಕಂಬಿಗೆ ಕೊಳೆ ಕೂತರೆ ನಿಧಾನ ಆಗುತ್ತದೆ. ಒಂದು ಬೋಗಿ ಜಾಸ್ತಿ ಹಾಕಿದರೂ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿ ಕೂತು ಥ್ರಾಟಲ್ (ರೈಲಿನ ವೇಗ ಹೆಚ್ಚುಕಡಿಮೆ ಮಾಡುವ ಕಂಟ್ರೋಲರ್) ಹಿಡಿದೇ ಇರುತ್ತೇನೆ ಅನ್ನುವವರಿಗೆ ಅಡ್ಡಿಯಿಲ್ಲ. ಆದರೆ ಆಗ ನೀವೇ ಸೆನ್ಸರ್, ನೀವೇ ರಿಲೇ. (ಸೆನ್ಸರ್ ರೈಲನ್ನು ಪತ್ತೆ ಮಾಡುತ್ತದೆ, ರಿಲೇ ಅಂದರೆ ಅದರ ಮಾತು ಕೇಳಿ ತಾನಾಗಿ ಬದಲಾಗುವ ಸ್ವಿಚ್.)

ಹಾಗಾದರೆ ಮೂಲ ಉಪಾಯ ಏನು?

ಒಂದೇ ಬಾತ್‌ರೂಮ್ ಇರುವ ಮನೆ ನೆನಪಿಸಿಕೊಳ್ಳಿ. ಒಳಗೆ ಹೋದವರು ಚಿಲಕ ಹಾಕಿಕೊಳ್ಳುತ್ತಾರೆ, ಹೊರಗಿನವರು ಕಾಯುತ್ತಾರೆ. ಚಿಲಕ ತೆಗೆಯುವುದು ಒಳಗಿದ್ದವರು ಹೊರಗೆ ಬಂದಾಗ, "ಹತ್ತು ನಿಮಿಷ ಆಯ್ತಲ್ಲ" ಅಂತ ಅಲ್ಲ.

ಕ್ರಾಸಿಂಗ್‌ಗೂ ಇದೇ ಸಾಕು. ಒಂದು ಸಲಕ್ಕೆ ಒಂದೇ ಲೈನಿಗೆ ಅನುಮತಿ. ಅನುಮತಿ ಇಲ್ಲದ ಲೈನಿನಲ್ಲಿ ಕ್ರಾಸಿಂಗ್‌ಗೆ ಮುಂಚಿನ ಒಂದು ತುಂಡು ಹಳಿಗೆ ಕರೆಂಟೇ ಇರಬಾರದು. ಕೊಟ್ಟ ಅನುಮತಿ ವಾಪಸ್ ಬರುವುದು ಕೊನೆಯ ಬೋಗಿ ದಾಟಿದಮೇಲೆ. ಸ್ವಿಚ್ ಹಾಕಿ, ರಿಲೇ ಹಾಕಿ, ಕಂಪ್ಯೂಟರ್ ಹಾಕಿ, ಒಳಗಿರುವುದು ಇಷ್ಟೇ.

ಎಷ್ಟೋ ಲೇಔಟ್‌ಗಳಲ್ಲಿ (ಮಾಡೆಲ್ ಹಳಿಗಳ ಜೋಡಣೆಗೆ ಹೀಗನ್ನುತ್ತಾರೆ) ಇದನ್ನು ತಿರುವಿಹಾಕಿರುತ್ತಾರೆ. ಎಲ್ಲ ಕಡೆ ಯಾವಾಗಲೂ ಕರೆಂಟ್ ಇಟ್ಟು, ರೈಲು ಬಂದಾಗ ಮಾತ್ರ ಎದುರಿನ ಲೈನ್ ಕತ್ತರಿಸುತ್ತಾರೆ. ಓಡುತ್ತದೆ, ನಿಜ. ಆದರೆ ಒಂದು ವೈರ್ ಕಳಚಿದ ದಿನ ಎರಡೂ ರೈಲು ಹೇಳದೆ ಕೇಳದೆ ನುಗ್ಗುತ್ತವೆ. ಸುಮ್ಮನಿದ್ದಾಗ ಎರಡೂ ಕಡೆ ಕೆಂಪು, ಕೇಳಿದವರಿಗೆ ಮಾತ್ರ ಹಸಿರು ಅಂತ ಜೋಡಿಸಿದರೆ, ವೈರ್ ಕಳಚಿದಾಗ ರೈಲು ನಿಲ್ಲುತ್ತದೆ ಅಷ್ಟೆ. ಕೆಳಗಿನ ಉತ್ತರಗಳೆಲ್ಲ ಈ ಎರಡನೇ ರೀತಿಯಲ್ಲೇ ಇವೆ.

ಎಲೆಕ್ಟ್ರಾನಿಕ್ಸ್ ಬರಲ್ಲ. ಎಲ್ಲಕ್ಕಿಂತ ಸುಲಭದ ದಾರಿ ಯಾವುದು?

ಒಂದು ಸ್ವಿಚ್. ಪ್ರತಿ ಲೈನಿನಲ್ಲಿ ಕ್ರಾಸಿಂಗ್‌ಗೆ ಮುಂಚೆ ಒಂದು ಕಂಬಿಯನ್ನು ಎರಡು ಕಡೆ ಬೇರ್ಪಡಿಸಿ, ಕಂಬಿ ಜೋಡಿಸುವ ಲೋಹದ ಜಾಯಿನರ್ ತೆಗೆದು ಪ್ಲಾಸ್ಟಿಕ್ ಜಾಯಿನರ್ ಹಾಕಿ. ನಡುವೆ ಉಳಿಯುವುದೇ ಸ್ಟಾಪ್ ಸೆಕ್ಷನ್. ಎರಡು ಪೋಲ್‌ನ, ನಡುವೆ ಆಫ್ ಇರುವ ಟಾಗಲ್ ಸ್ವಿಚ್ ತನ್ನಿ (ಒಂದೇ ಕಡ್ಡಿಗೆ ಒಟ್ಟಿಗೆ ಆಡುವ ಎರಡು ಬೇರೆ ಬೇರೆ ಸ್ವಿಚ್ ಇದ್ದಂತೆ, ಒಂದೊಂದೂ ಒಂದು ಪೋಲ್). ಒಂದು ಪೋಲ್‌ನ ನಡುಪಿನ್ನಿಗೆ ಮೊದಲ ಥ್ರಾಟಲ್, ಅದರ ಮೇಲಿನ ಪಿನ್ನಿಗೆ ಮೊದಲ ಲೈನಿನ ಸ್ಟಾಪ್ ಸೆಕ್ಷನ್. ಇನ್ನೊಂದು ಪೋಲ್‌ನ ನಡುಪಿನ್ನಿಗೆ ಎರಡನೇ ಥ್ರಾಟಲ್, ಅದರ ಕೆಳಗಿನ ಪಿನ್ನಿಗೆ ಎರಡನೇ ಲೈನಿನ ಸ್ಟಾಪ್ ಸೆಕ್ಷನ್. ಉಳಿದ ಎರಡು ಪಿನ್ ಖಾಲಿ.

ಒಂದು ಸ್ವಿಚ್ ಒಂದೇ ಹೊತ್ತಿಗೆ ಮೇಲೂ ಕೆಳಗೂ ಇರಲಾರದು. ಹಾಗಾಗಿ ಎರಡು ಸೆಕ್ಷನ್‌ಗೂ ಒಟ್ಟಿಗೆ ಕರೆಂಟ್ ಹೋಗಲು ದಾರಿಯೇ ಇಲ್ಲ. ದೊಡ್ಡ ರೈಲ್ವೆಗಳ ಇಂಟರ್‌ಲಾಕಿಂಗ್ (ವಿರುದ್ಧ ದಾರಿಗಳು ಒಟ್ಟಿಗೆ ತೆರೆಯದಂತೆ ತಡೆಯುವ ಏರ್ಪಾಡು) ಕೂಡ ಇದೇ ಜಾಡಿನಲ್ಲಿ ಬೆಳೆದದ್ದು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ರೈಲನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟು ಮತ್ತು ಸಿಗ್ನಲ್ಲನ್ನು ಒಟ್ಟಿಗೆ ಆಡಿಸುವ ಏರ್ಪಾಡಿಗೆ ಪೇಟೆಂಟ್ ಪಡೆದ. ಆಮೇಲೆ ಬಂದ ಲಿವರ್ ಚೌಕಟ್ಟುಗಳಲ್ಲಿ ಒಂದು ಲಿವರ್ ಎಳೆದರೆ ಅದಕ್ಕೆ ವಿರುದ್ಧದ ಲಿವರ್ ಕಬ್ಬಿಣದ ಪಟ್ಟಿಗೆ ಸಿಕ್ಕಿ ಅಲ್ಲಾಡುವುದೇ ಇಲ್ಲ.

ಹೊಸಬರು ಇಲ್ಲಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ. ಮುಂದೆ ರಿಲೇ ಹಾಕಿದರೂ ಇದೇ ಸ್ಟಾಪ್ ಸೆಕ್ಷನ್‌ಗಳು ಕೆಲಸಕ್ಕೆ ಬರುತ್ತವೆ, ಏನೂ ದಂಡವಾಗುವುದಿಲ್ಲ.

ಸ್ಟಾಪ್ ಸೆಕ್ಷನ್ ಕ್ರಾಸಿಂಗ್‌ನಿಂದ ಎಷ್ಟು ದೂರದಲ್ಲಿ ಮುಗಿಯಬೇಕು?

ಕಂಬಿಗಳು ಸೇರುವ ಜಾಗವನ್ನು ನೋಡಬೇಡಿ. ಬೋಗಿಯ ಮೈ ಎಲ್ಲಿ ತಾಗುತ್ತದೆ ಅನ್ನುವುದನ್ನು ನೋಡಿ. 90 ಡಿಗ್ರಿಯ ಕ್ರಾಸಿಂಗ್‌ನಲ್ಲಿ ಈ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಕೋನ ಸಣ್ಣದಾದಂತೆ ವ್ಯತ್ಯಾಸ ವಿಪರೀತ ಬೆಳೆಯುತ್ತದೆ.

ಎಚ್‌ಒ ಬೋಗಿಯ ಅಗಲ ಸುಮಾರು 36 ಮಿ.ಮೀ. ಅಲುಗಾಟಕ್ಕೆ ಸ್ವಲ್ಪ ಸೇರಿಸಿ 45 ಅಂತ ಹಿಡಿಯೋಣ. ಕ್ರಾಸಿಂಗ್‌ನ ನಡುಬಿಂದುವಿನಿಂದ ಅಳೆದರೆ, 90 ಡಿಗ್ರಿಯಲ್ಲಿ ಸುಮಾರು 23 ಮಿ.ಮೀ. ಹಿಂದೆ ನಿಂತರೆ ಸಾಕು. 45 ಡಿಗ್ರಿಯಲ್ಲಿ 54 ಮಿ.ಮೀ. ಬೇಕು. 30ರಲ್ಲಿ 84. 15 ಡಿಗ್ರಿಗೆ ಬಂದರೆ 171 ಮಿ.ಮೀ., ಅಂದರೆ ಹೆಚ್ಚೂಕಡಿಮೆ ಒಂದು ಎಂಜಿನ್ನಿನಷ್ಟು ದೂರ. ಲೆಕ್ಕ ಬೇಕಾದವರಿಗೆ: ಅಗಲದ ಅರ್ಧವನ್ನು, ಕೋನದ ಅರ್ಧದ ಟ್ಯಾಂಜೆಂಟ್‌ನಿಂದ ಭಾಗಿಸಿ.

ಇದು ನೇರ ಹಳಿಯ ಲೆಕ್ಕ. ಕ್ರಾಸಿಂಗ್ ಪಕ್ಕದಲ್ಲೇ ತಿರುವು ಇದ್ದರೆ ಉದ್ದ ಬೋಗಿಯ ಮೂಲೆ ಹೊರಕ್ಕೆ ಚಾಚುತ್ತದೆ, ಹೊಟ್ಟೆ ಒಳಕ್ಕೆ ಬರುತ್ತದೆ. ಅಲ್ಲಿ ಸೂತ್ರ ಬಿಟ್ಟು ಕೈಯಿಂದಲೇ ನೋಡುವುದು ಒಳ್ಳೆಯದು. ನಿಮ್ಮ ಹತ್ತಿರ ಇರುವ ಅತಿ ಉದ್ದದ ಎರಡು ಬೋಗಿ ತೆಗೆದುಕೊಳ್ಳಿ. ಒಂದನ್ನು ಕ್ರಾಸಿಂಗ್ ಮೇಲೆ ಹಿಂದೆ ಮುಂದೆ ಆಡಿಸುತ್ತಾ, ಇನ್ನೊಂದನ್ನು ಅಡ್ಡ ಲೈನಿನಲ್ಲಿ ಮೆಲ್ಲಗೆ ಹತ್ತಿರ ತನ್ನಿ. ತಾಗಿದ ಜಾಗದಿಂದ ಒಂದು ಬೆರಳಿನ ಅಗಲ ಹಿಂದೆ ಸರಿದು ಸ್ಲೀಪರ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ನಾಲ್ಕು ದಿಕ್ಕಿಗೂ ಹೀಗೇ ಮಾಡಿ. ಯಾವ ಸ್ಟಾಪ್ ಸೆಕ್ಷನ್ನೂ ಆ ಗೆರೆ ದಾಟಬಾರದು.

ಸೆಕ್ಷನ್ ಉದ್ದ ಎಷ್ಟಿರಬೇಕು? ನನ್ನದು ನಿಲ್ಲುವ ಬದಲು ಜಾರಿಕೊಂಡು ಹೋಗುತ್ತಿದೆ.

ಜಾರುವುದಕ್ಕೆ ಕಾರಣ ಎರಡು. ಮೊದಲನೆಯದು ಫ್ಲೈವೀಲ್. ಒಳ್ಳೆಯ ಎಂಜಿನ್‌ಗಳಲ್ಲಿ ಮೋಟಾರಿನ ಜೊತೆ ಹಿತ್ತಾಳೆಯ ಚಕ್ರ ತಿರುಗುತ್ತಿರುತ್ತದೆ, ಕರೆಂಟ್ ಹೋದರೂ ಸ್ವಲ್ಪ ದೂರ ಎಳೆದುಕೊಂಡು ಹೋಗುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ಕಾರಣ. ಹೆಚ್ಚಿನ ಎಂಜಿನ್‌ಗಳು ಮುಂದಿನ ಗಾಲಿಯಿಂದಲೂ ಹಿಂದಿನ ಗಾಲಿಯಿಂದಲೂ ಕರೆಂಟ್ ಎತ್ತುತ್ತವೆ. ಮುಂದಿನ ಗಾಲಿ ಸತ್ತ ಕಂಬಿಗೆ ಹೋದರೂ ಹಿಂದಿನದು ಜೀವ ಇರುವ ಕಂಬಿ ಮೇಲೇ ಇರುತ್ತದೆ. ಎಂಜಿನ್ ಪೂರ್ತಿ ಒಳಗೆ ಬರುವವರೆಗೆ ಮೋಟಾರಿಗೆ ಏನೂ ಗೊತ್ತಾಗುವುದಿಲ್ಲ. ಇದರ ಮೇಲೆ ದೀಪ ಇರುವ ಬೋಗಿ ಹಾಕಿದ್ದರೆ ಇನ್ನೂ ಮಜಾ. ಬೋಗಿಯ ಎರಡು ತುದಿಯ ಗಾಲಿಗಳನ್ನು ಒಳಗೆ ಒಂದೇ ವೈರ್ ಸೇರಿಸಿರುತ್ತದೆ. ಆ ಬೋಗಿ ಪ್ಲಾಸ್ಟಿಕ್ ಜಾಯಿನರ್ ಮೇಲೆ ಹಾಯುವಾಗ ಹಿಂದಿನ ಕಂಬಿಯ ಕರೆಂಟನ್ನು ಮುಂದಿನ ಸತ್ತ ಕಂಬಿಗೆ ದಾಟಿಸುತ್ತದೆ. ಎಂಜಿನ್ ಅದನ್ನು ಕುಡಿದು ಮುಂದೆ ಹೋಗುತ್ತದೆ. ನಾಲ್ಕು ಬೋಗಿಗೆ ದೀಪ ಇದ್ದರೆ ನಾಲ್ಕು ಸಲ ಹೀಗೆ.

ಆದ್ದರಿಂದ ಉದ್ದ = ಎಂಜಿನ್ + ಅದರ ಹಿಂದೆ ದೀಪ ಇರುವ ಬೋಗಿಗಳು + ಜಾರುವ ದೂರ. ಜಾರುವ ದೂರವನ್ನು ಅಳೆದೇ ತಿಳಿಯಬೇಕು: ನೀವು ಓಡಿಸುವ ಅತಿ ಜೋರಿನ ವೇಗದಲ್ಲಿ ಓಡಿಸಿ, ಥಟ್ಟನೆ ಕರೆಂಟ್ ತೆಗೆದು, ಟೇಪ್ ಹಿಡಿಯಿರಿ. ಅಷ್ಟು ಉದ್ದಕ್ಕೆ ಜಾಗ ಇಲ್ಲದಿದ್ದರೆ ಬೋಗಿಯ ವೈರಿಂಗ್ ಬದಲಿಸಿ. ಮುಂದಿನ ಗಾಲಿಗಳಿಂದ ಎಡ ಕಂಬಿ ಮಾತ್ರ, ಹಿಂದಿನ ಗಾಲಿಗಳಿಂದ ಬಲ ಕಂಬಿ ಮಾತ್ರ ಎತ್ತುವಂತೆ ಮಾಡಿದರೆ ಬೋಗಿ ಸೇತುವೆಯಾಗುವುದು ನಿಲ್ಲುತ್ತದೆ.

ನಾನು ಸ್ವಿಚ್ ಮುಟ್ಟಬಾರದು, ಮೊದಲು ಬಂದ ರೈಲು ಮೊದಲು ಹೋಗಬೇಕು. ರಿಲೇ ಹೇಗೆ ಜೋಡಿಸಲಿ?

ಎರಡು ರಿಲೇ, ತಲಾ ಎರಡು ಚೇಂಜ್‌ಓವರ್ ಕಾಂಟ್ಯಾಕ್ಟ್ ಇರುವಂಥದ್ದು. ಕಾಯಿಲ್‌ಗೆ ಕರೆಂಟ್ ಕೊಟ್ಟರೆ ರಿಲೇ ಒಳಗಿನ ಕಾಂಟ್ಯಾಕ್ಟ್ ಬದಲಾಗುತ್ತದೆ: ನಾರ್ಮಲಿ ಕ್ಲೋಸ್ಡ್ ಅಂದರೆ ಆಗ ತೆರೆಯುವ ಬದಿ, ನಾರ್ಮಲಿ ಓಪನ್ ಅಂದರೆ ಆಗ ಮುಚ್ಚುವ ಬದಿ, ಚೇಂಜ್‌ಓವರ್‌ನಲ್ಲಿ ಎರಡೂ ಇರುತ್ತವೆ. ಲೈನುಗಳಿಗೆ ಅ, ಬ ಅಂತ ಹೆಸರಿಡೋಣ.

ಅ ರಿಲೇಯ ಕಾಯಿಲ್‌ಗೆ ಹೋಗುವ ಕರೆಂಟು ಎರಡು ಬಾಗಿಲು ದಾಟಬೇಕು. ಒಂದು, ಅ ಲೈನಿನ ಸೆನ್ಸರ್. ಇನ್ನೊಂದು, ಬ ರಿಲೇಯ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್. ಅ ರಿಲೇಯ ಎರಡನೇ ಕಾಂಟ್ಯಾಕ್ಟಿನ ನಾರ್ಮಲಿ ಓಪನ್ ಬದಿಯಿಂದ ಅ ಲೈನಿನ ಸ್ಟಾಪ್ ಸೆಕ್ಷನ್‌ಗೆ ಕರೆಂಟ್. ಬ ರಿಲೇಗೂ ಇದನ್ನೇ ಕನ್ನಡಿಯಲ್ಲಿ ನೋಡಿದಂತೆ ಮಾಡಿ.

ಈಗ ಓಡಿಸಿ ನೋಡಿ. ಯಾವ ರೈಲೂ ಇಲ್ಲ: ಎರಡೂ ಸೆಕ್ಷನ್ ಸತ್ತಿವೆ. ಅ ರೈಲು ಸೆನ್ಸರ್‌ಗೆ ಬರುತ್ತದೆ: ಅ ರಿಲೇ ಟಕ್ ಅನ್ನುತ್ತದೆ, ಮುಂದಿನ ಸೆಕ್ಷನ್‌ಗೆ ಜೀವ ಬರುತ್ತದೆ, ರೈಲು ವೇಗವನ್ನೂ ಕಡಿಮೆ ಮಾಡದೆ ಹೋಗುತ್ತದೆ. ಇದೇ ಹೊತ್ತಿಗೆ ಬ ರೈಲು ಬಂದರೆ ಅದರ ಕಾಯಿಲ್‌ನ ದಾರಿ ಅ ರಿಲೇಯಲ್ಲಿ ಕಡಿದಿದೆ. ಸೆಕ್ಷನ್ ಸತ್ತೇ ಇದೆ. ರೈಲು ನಿಲ್ಲುತ್ತದೆ. ಅ ರೈಲಿನ ಬಾಲ ದಾಟಿದ ಕೂಡಲೇ ಅ ರಿಲೇ ಬಿಡುತ್ತದೆ, ಕಾಯುತ್ತಿದ್ದ ಬ ರಿಲೇ ಹಿಡಿಯುತ್ತದೆ, ಬ ರೈಲು ಹೊರಡುತ್ತದೆ. ಸಣ್ಣ ಸುತ್ತಿನ ರೈಲು ಮತ್ತೆ ಮತ್ತೆ ಬಂದು ನುಗ್ಗಲು ಆಗುವುದಿಲ್ಲ, ಕಾಯುತ್ತಾ ನಿಂತವರ ಸರದಿ ತಾನಾಗಿ ಬರುತ್ತದೆ.

ಎರಡೂ ಒಂದೇ ಕ್ಷಣಕ್ಕೆ ಬಂದರೆ? ಎರಡು ರಿಲೇಯೂ ಒಂದನ್ನೊಂದು ಕತ್ತರಿಸಿಕೊಂಡು ಕಟಕಟ ಅನ್ನಬಹುದು. ಯಾವುದಾದರೂ ಒಂದು ಕಾಯಿಲ್‌ಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಹಾಕಿ. ಆ ರಿಲೇ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡು ಜಗಳ ಗೆಲ್ಲುತ್ತದೆ. ಎರಡೂ ಕಾಯಿಲ್‌ಗೆ ಒಂದೊಂದು ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ) ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರಿಲೇ ಬಿಡುವಾಗ ಬರುವ ವೋಲ್ಟೇಜ್ ಹೊಡೆತಕ್ಕೆ ಸೆನ್ಸರ್ ಬೋರ್ಡ್ ಹೋಗುತ್ತದೆ.

ಎರಡು ದಿಕ್ಕಿನಲ್ಲೂ ಓಡಿಸುವವರು ಕ್ರಾಸಿಂಗ್‌ನ ಆಚೆ ಬದಿಗೂ ಸ್ಟಾಪ್ ಸೆಕ್ಷನ್, ಸೆನ್ಸರ್ ಹಾಕಬೇಕು. ಒಂದು ಲೈನಿನ ಎರಡು ಬದಿಗೂ ಒಂದೇ ರಿಲೇಯಿಂದ ಕರೆಂಟ್ ಕೊಡಿ.

ಸೆನ್ಸರ್ ಯಾವುದು ಒಳ್ಳೆಯದು?

ಮೇಲಿನ ಜೋಡಣೆಗೆ ಬೇಕಾದದ್ದು, ಎಂಜಿನ್ ಹತ್ತಿರ ಬಂದಾಗಿನಿಂದ ಕೊನೆಯ ಬೋಗಿ ದಾಟುವವರೆಗೆ ಬಿಡದೆ "ಇದೆ, ಇದೆ" ಅನ್ನುವ ಸೆನ್ಸರ್. ಇದಕ್ಕೆ ಎರಡು ದಾರಿ ಇವೆ.

ಒಂದು, ಕರೆಂಟ್ ಪತ್ತೆ ಮಾಡುವ ಸರ್ಕ್ಯೂಟ್. ಆ ತುಂಡು ಹಳಿಯಲ್ಲಿ ಯಾರಾದರೂ ಕರೆಂಟ್ ಎಳೆಯುತ್ತಿದ್ದಾರಾ ಅಂತ ನೋಡುತ್ತದೆ. ಎಂಜಿನ್ ಎಳೆಯುತ್ತದೆ, ಗೂಡ್ಸ್ ವ್ಯಾಗನ್ ಎಳೆಯುವುದಿಲ್ಲ. ಹಾಗಾಗಿ ಕೊನೆಯ ವ್ಯಾಗನ್ನಿನ ಅಚ್ಚಿಗಾದರೂ 10 ಕಿಲೋಓಮ್‌ನ ಪುಟ್ಟ ರೆಸಿಸ್ಟರ್ ಅಂಟಿಸಿ, ಕರೆಂಟ್ ಹರಿಯುವ ಪೇಂಟ್‌ನಿಂದ ಎರಡು ಗಾಲಿಗೂ ಸೇರಿಸಬೇಕು. ಎಲ್ಲ ವ್ಯಾಗನ್ನಿಗೂ ಹಾಕಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಕೊಂಡಿ ಕಳಚಿ ನಡುವಿನದು ಉಳಿದುಕೊಂಡರೂ ಗೊತ್ತಾಗುತ್ತದೆ. ಇಲ್ಲೊಂದು ತೊಡಕಿದೆ. ಸ್ಟಾಪ್ ಸೆಕ್ಷನ್ ಸತ್ತಿದ್ದಾಗ ಅಲ್ಲಿ ಕರೆಂಟೇ ಇಲ್ಲ, ಮತ್ತೆ ಪತ್ತೆ ಹೇಗೆ? ರಿಲೇ ಕಾಂಟ್ಯಾಕ್ಟಿಗೆ ಅಡ್ಡಲಾಗಿ 1 ಕಿಲೋಓಮ್ ರೆಸಿಸ್ಟರ್ ಹಾಕಿ. 12 ವೋಲ್ಟಿಗೆ ಹೆಚ್ಚೆಂದರೆ 12 ಮಿಲಿಆಂಪ್ ಸೋರುತ್ತದೆ. ಎಂಜಿನ್ ಕದಲುವುದಿಲ್ಲ, ಎಲ್‌ಇಡಿ ದೀಪ ಸ್ವಲ್ಪ ಮಿಣುಕಬಹುದು, ಸೆನ್ಸರ್‌ಗೆ ಮಾತ್ರ ಅಷ್ಟು ಸಾಕು.

ಎರಡು, ಇನ್‌ಫ್ರಾರೆಡ್ ಕಿರಣ. ಹಳಿಯ ಒಂದು ಬದಿ ಎಲ್‌ಇಡಿ, ಇನ್ನೊಂದು ಬದಿ ರಿಸೀವರ್. ನನ್ನ ಮತ ಇದಕ್ಕೇ. ರೈಲು ಯಾವುದೇ ಇರಲಿ, ಒಳಗೆ ರೆಸಿಸ್ಟರ್ ಇರಲಿ ಬಿಡಲಿ, ಮೈ ಇದ್ದರೆ ಸಾಕು. ಕಿರಣವನ್ನು ಹಳಿಗೆ ನೇರ ಅಡ್ಡಲಾಗಿ ಹಾಯಿಸಬೇಡಿ. ಹಾಗೆ ಮಾಡಿದರೆ ಎರಡು ಬೋಗಿ ನಡುವಿನ ಸಂದಿ ಬಂದಾಗಲೆಲ್ಲ "ಹೋಯಿತು" ಅನ್ನುತ್ತದೆ. 45 ಡಿಗ್ರಿ ಓರೆಯಾಗಿ, ಬೋಗಿಯ ಮೈ ಎತ್ತರಕ್ಕೆ ಹಾಯಿಸಿ. ಆಗ ಒಂದು ಬೋಗಿಯ ಮೂಲೆ ಕಿರಣ ಬಿಡುವ ಮುಂಚೆ ಮುಂದಿನದು ಹಿಡಿದಿರುತ್ತದೆ. ತಗ್ಗಿನ ಖಾಲಿ ವ್ಯಾಗನ್‌ಗಳಿಗಾಗಿ ಎರಡು ಸೆಕೆಂಡಿನ ಹಿಡಿತವನ್ನೂ ಸೇರಿಸಿ. ಇದು ಸಂದಿ ಮುಚ್ಚುವುದಕ್ಕೆ ಮಾತ್ರ, ದಾಟುವ ಸಮಯದ ಅಂದಾಜಿಗೆ ಅಲ್ಲ.

ಒಂದೇ ಕಿರಣದಿಂದ ಮುಗಿಯುವುದಿಲ್ಲ. ಸ್ಟಾಪ್ ಸೆಕ್ಷನ್ ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು, ಕ್ರಾಸಿಂಗ್ ಆಚೆ ಪೆನ್ಸಿಲ್ ಗೆರೆಯ ಹೊರಗೆ ಒಂದು. ಯಾವ ಎರಡು ಕಿರಣದ ನಡುವಿನ ಅಂತರವೂ ನಿಮ್ಮ ಅತಿ ಚಿಕ್ಕ ರೈಲಿಗಿಂತ ಕಡಿಮೆ ಇರಬೇಕು. ಒಂಟಿ ಎಂಜಿನ್ ಓಡಿಸುವ ಅಭ್ಯಾಸ ಇದ್ದರೆ ಆ ಎಂಜಿನ್ನೇ ನಿಮ್ಮ ಅಳತೆಗೋಲು, ಕಿರಣಗಳೂ ಜಾಸ್ತಿ ಬೇಕಾಗುತ್ತವೆ. ಮೂರರಲ್ಲಿ ಯಾವುದು ಮುಚ್ಚಿದರೂ "ಇದೆ" ಅಂತ ಸೇರಿಸಿ.

ಹಳಿ ಕೆಳಗಿನಿಂದ ಮೇಲೆ ನೋಡುವ, ಬೆಳಕು ವಾಪಸ್ ಬಂದರೆ ಹಿಡಿಯುವ ಟಿಸಿಆರ್‌ಟಿ5000 ಥರದ ಸೆನ್ಸರ್ ಸುಲಭವಾಗಿ ಸಿಗುತ್ತದೆ. ಆದರೆ ಅದರ ದೃಷ್ಟಿ 15 ಮಿ.ಮೀ. ಒಳಗೇ. ಕಪ್ಪು ತಳದ ವ್ಯಾಗನ್ ಬಂದರೆ ಅದೂ ಸರಿಯಾಗಿ ಕಾಣುವುದಿಲ್ಲ.

ರೀಡ್ ಸ್ವಿಚ್, ಎಂಜಿನ್ ಕೆಳಗೆ ಮ್ಯಾಗ್ನೆಟ್. ಇದು ಸಾಕಾಗಲ್ವಾ?

ಬಂದದ್ದು ಗೊತ್ತಾಗುತ್ತದೆ, ಹೋದದ್ದು ಗೊತ್ತಾಗುವುದಿಲ್ಲ. ಮ್ಯಾಗ್ನೆಟ್ ಹಾಯ್ದ ಕ್ಷಣ ಮಾತ್ರ ಸ್ವಿಚ್ ಮುಚ್ಚುವುದರಿಂದ ಲ್ಯಾಚಿಂಗ್ ರಿಲೇ (ಒಮ್ಮೆ ಹಿಡಿದರೆ ಬಿಡಿಸುವವರೆಗೂ ಬಿಡದ ರಿಲೇ) ಬೇಕು. ಬಿಡಿಸುವುದಕ್ಕೆ ಕೊನೆಯ ಬೋಗಿಗೂ ಮ್ಯಾಗ್ನೆಟ್ ಬೇಕು. ಕೊನೆಯ ಬೋಗಿ ಬದಲಿಸಿದ ದಿನ ಎಲ್ಲ ಕೆಡುತ್ತದೆ. ಯಾರಾದರೂ ಎಂಜಿನ್ ಕೈಯಲ್ಲಿ ಎತ್ತಿ ಬೇರೆ ಕಡೆ ಇಟ್ಟರೂ ಅಷ್ಟೆ. ಯಾವಾಗಲೂ ಅದೇ ಎರಡು ರೈಲು ಸುತ್ತುವ ಪ್ರದರ್ಶನದ ಲೇಔಟ್‌ಗೆ ಪರವಾಗಿಲ್ಲ.

ಟೈಮರ್ ಹಾಕಿ, ಹತ್ತು ಸೆಕೆಂಡ್ ಆದಮೇಲೆ ಬಿಟ್ಟರೆ?

ಬೇಡ. ಕ್ರಾಸಿಂಗ್ ಮೇಲೆ ಎಂಜಿನ್ ಸಿಕ್ಕಿಹಾಕಿಕೊಂಡರೂ ಹತ್ತು ಸೆಕೆಂಡ್ ಆಗುತ್ತದೆ.

ನನ್ನದು ಡಿಸಿಸಿ (ಕಂಬಿಯಲ್ಲಿ ಯಾವಾಗಲೂ ಕರೆಂಟ್ ಇದ್ದು, ಪ್ರತಿ ಎಂಜಿನ್ನಿಗೂ ಡಿಜಿಟಲ್ ಆದೇಶ ಹೋಗುವ ಪದ್ಧತಿ). ಅಲ್ಲೂ ಕರೆಂಟ್ ಕತ್ತರಿಸಿ ನಿಲ್ಲಿಸಬಹುದಾ?

ಕತ್ತರಿಸಬಹುದು, ಆದರೆ ನಿಲ್ಲುತ್ತದೆ ಅಂತ ನಂಬಬೇಡಿ. ಡಿಕೋಡರ್ (ಆ ಆದೇಶ ಓದುವ, ಎಂಜಿನ್ ಒಳಗಿನ ಪುಟ್ಟ ಬೋರ್ಡ್) ಜೊತೆ ಕೀಪ್‌ಅಲೈವ್ ಕೆಪಾಸಿಟರ್ ಇದ್ದರೆ, ಕಂಬಿಯಲ್ಲಿ ಏನೂ ಇಲ್ಲದಿದ್ದರೂ ಎಂಜಿನ್ ಕೆಲವು ಸೆಕೆಂಡ್ ಓಡುತ್ತದೆ. ಕೊಳೆ ಹಳಿಯಲ್ಲಿ ತಡವರಿಸದಿರಲಿ ಅಂತಲೇ ಅದನ್ನು ಮಾಡಿರುವುದು. ನಿಮ್ಮ ಸತ್ತ ಸೆಕ್ಷನ್ನೂ ಅದಕ್ಕೆ ಕೊಳೆ ಹಳಿಯಂತೆಯೇ ಕಾಣುತ್ತದೆ! ಕೆಪಾಸಿಟರ್ ಇಲ್ಲದ ಎಂಜಿನ್ ಥಟ್ಟನೆ ನಿಲ್ಲುತ್ತದೆ. ಅದರ ಜೊತೆಗೆ ದೀಪ ಆರುತ್ತದೆ, ಶಬ್ದ ನಿಲ್ಲುತ್ತದೆ.

ಚೆಂದದ ದಾರಿ ಅಂದರೆ ಎಬಿಸಿ ಬ್ರೇಕಿಂಗ್. ಜರ್ಮನಿಯ ಲೆಂಝ್ ಕಂಪನಿ ತಂದದ್ದು. ಸ್ಟಾಪ್ ಸೆಕ್ಷನ್‌ಗೆ ಹೋಗುವ ವೈರಿನಲ್ಲಿ ಒಂದು ದಿಕ್ಕಿಗೆ ನಾಲ್ಕೈದು ಡಯೋಡ್ ಸಾಲಾಗಿ, ಎದುರು ದಿಕ್ಕಿಗೆ ಒಂದೇ ಡಯೋಡ್. ಡಿಸಿಸಿ ಅಲೆಯ ಎರಡು ಅರ್ಧಗಳ ವೋಲ್ಟೇಜ್ ಸ್ವಲ್ಪ ಏರುಪೇರಾಗುತ್ತದೆ. ಇದನ್ನು ಗುರುತಿಸುವ ಡಿಕೋಡರ್ ಮೆಲ್ಲಗೆ ಬ್ರೇಕ್ ಹಾಕುತ್ತದೆ. ದೀಪ, ಶಬ್ದ ಎಲ್ಲ ಹಾಗೇ ಇರುತ್ತದೆ. ರಿಲೇ ಮುಚ್ಚಿ ಡಯೋಡ್‌ಗಳನ್ನು ಬಿಟ್ಟು ಕರೆಂಟ್ ನೇರ ಹಾಯುವಂತೆ ಮಾಡಿದರೆ ರೈಲು ಮತ್ತೆ ಹೊರಡುತ್ತದೆ. ಅನೇಕ ಡಿಕೋಡರ್‌ಗಳಲ್ಲಿ ಸಿವಿ27ರಲ್ಲಿ (ಸಿವಿ ಅಂದರೆ ಡಿಕೋಡರ್‌ನ ಒಂದೊಂದು ಸೆಟ್ಟಿಂಗ್) ಇದನ್ನು ಆನ್ ಮಾಡಬೇಕು, ಎಷ್ಟು ಬೇಗ ನಿಲ್ಲಬೇಕು ಅನ್ನುವುದು ಸಿವಿ4ರಲ್ಲಿ. ಎಲ್ಲ ಡಿಕೋಡರ್‌ಗೂ ಈ ಗುಣ ಇಲ್ಲ. ಇಲ್ಲದ ಎಂಜಿನ್ ಏನೂ ಆಗದವರಂತೆ ದಾಟಿಹೋಗುತ್ತದೆ. ಗೆಳೆಯರು ತಮ್ಮ ಎಂಜಿನ್ ತಂದು ಓಡಿಸುವ ಲೇಔಟ್ ಆದರೆ ಇದನ್ನು ಮೊದಲೇ ಕೇಳಿಕೊಳ್ಳಿ.

ಕಂಪ್ಯೂಟರ್‌ನಿಂದ ಓಡಿಸುವವರು ಜೆಎಂಆರ್‌ಐ, ರಾಕ್‌ರೈಲ್ ಥರದ ಸಾಫ್ಟ್‌ವೇರ್‌ನಲ್ಲೇ ದಾರಿ ಕಾಯ್ದಿರಿಸುವ ವ್ಯವಸ್ಥೆ ಮಾಡಬಹುದು. ಆದರೂ ಸೆನ್ಸರ್ ಬೇಕೇ ಬೇಕು. ಹಳಿ ಮೇಲೆ ಬಿಟ್ಟುಹೋದ ವ್ಯಾಗನ್ ಸಾಫ್ಟ್‌ವೇರ್‌ಗೆ ತಾನಾಗಿ ಕಾಣುವುದಿಲ್ಲ.

ಆರ್ಡುಯಿನೋದಲ್ಲಿ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್) ಮಾಡಬಹುದಾ?

ಧಾರಾಳವಾಗಿ. ಪ್ರೋಗ್ರಾಂಗೆ ಮೂರೇ ಸ್ಥಿತಿ: ಖಾಲಿ, ಅ ಒಳಗಿದೆ, ಬ ಒಳಗಿದೆ. ಅ ಸ್ಥಿತಿಯಿಂದ ನೇರ ಬ ಸ್ಥಿತಿಗೆ ಹಾರಲು ಬಿಡಬೇಡಿ, ಯಾವಾಗಲೂ ಖಾಲಿ ಮೂಲಕವೇ ಹೋಗಲಿ. ಹೆಚ್ಚಿನವರು ಎಡವುವುದು ಬೇರೆ ಕಡೆ. ಮಾರುಕಟ್ಟೆಯ ಅನೇಕ ರಿಲೇ ಬೋರ್ಡ್‌ಗಳು ಪಿನ್ ಲೋ (ಸೊನ್ನೆ ವೋಲ್ಟ್) ಆದಾಗ ಆನ್ ಆಗುತ್ತವೆ. ಪಿನ್ನನ್ನು ಔಟ್‌ಪುಟ್ ಮಾಡುವ ಮುಂಚೆಯೇ ಹೈ ಬರೆಯದಿದ್ದರೆ, ಬೋರ್ಡ್ ಶುರುವಾಗುವಾಗ ಎರಡು ರಿಲೇಯೂ ಒಮ್ಮೆ ಟಕ್ ಅಂದು ಎರಡೂ ರೈಲಿಗೆ ದಾರಿ ಕೊಡುತ್ತವೆ.

ಇನ್ನೊಂದು ಮಾತು. ರೀಸೆಟ್ ಆದಮೇಲೆ "ಖಾಲಿ" ಸ್ಥಿತಿಯಿಂದ ಶುರು ಮಾಡಬೇಡಿ. ಕರೆಂಟ್ ಹೋಗುವಾಗ ಕ್ರಾಸಿಂಗ್ ಮೇಲೆ ರೈಲು ಇದ್ದಿರಬಹುದು. ಎಲ್ಲ ಸೆನ್ಸರ್ ಕೆಲವು ಸೆಕೆಂಡ್ ಸತತವಾಗಿ ಖಾಲಿ ತೋರಿಸಿದಮೇಲೆ ಮಾತ್ರ ಮುಂದೆ ಹೋಗಲಿ. ಯಾವುದಾದರೂ ಸೆನ್ಸರ್ ಮುಚ್ಚಿಯೇ ಇದ್ದರೆ ಮನುಷ್ಯ ಬಂದು ನೋಡಿ ಬಟನ್ ಒತ್ತಲಿ.

ಎಂಟರ ಆಕಾರದ ಹಳಿ, ಒಂದೇ ರೈಲು. ಕ್ರಾಸಿಂಗ್ ಮುಂದೆ ಬಂದು ನಿಂತರೆ ಮತ್ತೆ ಹೊರಡುವುದೇ ಇಲ್ಲ!

ರೈಲಿನ ಉದ್ದವನ್ನು ಒಂದು ಕಡೆಯ ಸುತ್ತಿನ ಉದ್ದದ ಜೊತೆ ಹೋಲಿಸಿ ನೋಡಿ. ಎಂಜಿನ್ ಸುತ್ತಿ ಬಂದಾಗ ಅದರದೇ ಬಾಲ ಇನ್ನೂ ಕ್ರಾಸಿಂಗ್ ಮೇಲೆ ಇದೆ. ಬಾಲ ಸರಿಯಲಿ ಅಂತ ಎಂಜಿನ್ ಕಾಯುತ್ತಿದೆ, ಎಂಜಿನ್ ಎಳೆಯಲಿ ಅಂತ ಬಾಲ ಕಾಯುತ್ತಿದೆ. ಸರ್ಕ್ಯೂಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಬೋಗಿ ಕಡಿಮೆ ಮಾಡುವುದೊಂದೇ ದಾರಿ.

ಎಂಜಿನ್ ಹಿಂದೆ ಇದ್ದು ಬೋಗಿಗಳನ್ನು ತಳ್ಳಿಕೊಂಡು ಬಂದರೆ?

ಸ್ಟಾಪ್ ಸೆಕ್ಷನ್ ಇಲ್ಲಿ ಕೈಕೊಡುತ್ತದೆ. ಎಂಜಿನ್ ಸತ್ತ ಕಂಬಿಗೆ ಬರುವ ಹೊತ್ತಿಗೆ ಮುಂದಿನ ಬೋಗಿಗಳು ಕ್ರಾಸಿಂಗ್ ಒಳಗೆ ಹೋಗಿ ಆಗಿರುತ್ತದೆ. ತಳ್ಳುವ ರೈಲು ಓಡಿಸುವ ಲೈನಿನಲ್ಲಿ ಸ್ಟಾಪ್ ಸೆಕ್ಷನ್ ಇಡೀ ರೈಲು ಮತ್ತು ಜಾರುವ ದೂರ ಸೇರಿದಷ್ಟು ಉದ್ದ ಇರಬೇಕು, ಸೆನ್ಸರ್ ಅದಕ್ಕೂ ಮುಂಚೆ ಇರಬೇಕು. ಜಾಗ ಇಲ್ಲವೇ? ಆ ಲೈನನ್ನು ಸ್ವಿಚ್‌ನಿಂದಲೇ ಕೈಯಾರೆ ನಡೆಸಿ. ಡಿಸಿ ಲೇಔಟ್‌ನಲ್ಲಿ (ಡಿಸಿಸಿ ಇಲ್ಲದೆ, ಥ್ರಾಟಲ್ ಕಂಬಿಯ ವೋಲ್ಟೇಜನ್ನೇ ಬದಲಿಸುವಂಥದ್ದು) ಒಂದು ಅನುಕೂಲ ಇದೆ: ಸೆಕ್ಷನ್‌ನ ಕತ್ತರಿಸಿದ ಜಾಗಕ್ಕೆ ಅಡ್ಡಲಾಗಿ ಸರಿಯಾದ ದಿಕ್ಕಿಗೆ ಒಂದು ಡಯೋಡ್ ಹಾಕಿದರೆ, ಮುಂದೆ ಹೋಗಲಾಗದೆ ನಿಂತ ಎಂಜಿನ್ ಥ್ರಾಟಲ್ ತಿರುವಿದಾಗ ಹಿಂದಕ್ಕೆ ಹೋಗಬಲ್ಲದು.

ಜೋಡಿ ಹಳಿಯನ್ನು ಒಂದು ಲೈನ್ ದಾಟುತ್ತದೆ. ಎರಡು ಕ್ರಾಸಿಂಗ್‌ಗೂ ಬೇರೆ ಬೇರೆ ರಿಲೇ ಹಾಕಲಾ?

ಹಾಕಬೇಡಿ. ಮೊದಲ ಕ್ರಾಸಿಂಗ್ ದಾಟಿದ ರೈಲು ಎರಡನೆಯದರ ಮುಂದೆ ನಿಂತರೆ ಅದರ ಬಾಲ ಮೊದಲನೆಯದನ್ನು ಅಡ್ಡಗಟ್ಟಿರುತ್ತದೆ. ನಡುವಿನ ಜಾಗ ಇಡೀ ರೈಲಿಗಿಂತ ಉದ್ದ ಇಲ್ಲದಿದ್ದರೆ ಎರಡನ್ನೂ ಒಂದೇ ಕ್ರಾಸಿಂಗ್ ಅಂತ ಎಣಿಸಿ. ಜೋಡಿ ಹಳಿಯ ಎರಡು ರೈಲು ಮಾತ್ರ ಒಟ್ಟಿಗೆ ಹೋಗಬಹುದು, ಅವು ಒಂದಕ್ಕೊಂದು ತಾಗುವುದಿಲ್ಲ.

ಮೂರು ಕಂಬಿಯ ಹಳಿಗೂ ಇದೇ ಕಷ್ಟವಾ?

ನಿಮ್ಮದು ಸುಲಭ. ಮಾರ್ಕ್ಲಿನ್, ಲಯನೆಲ್ ಕಂಪನಿಗಳ ಥರದ ಹಳಿಗಳಲ್ಲಿ ಹೊರಗಿನ ಎರಡು ಕಂಬಿಗೂ ಒಂದೇ ಧ್ರುವ. ಒಂದು ಹೊರ ಕಂಬಿಯನ್ನು ಬೇಕಾದಷ್ಟು ಉದ್ದ ಬೇರ್ಪಡಿಸಿ. ಲೋಹದ ಅಚ್ಚು ಇರುವ ಯಾವ ಬೋಗಿ ಬಂದರೂ ಎರಡು ಕಂಬಿ ಸೇರಿ ರಿಲೇ ಹಿಡಿಯುತ್ತದೆ. ಕೊನೆಯ ಗಾಲಿ ಹೊರಗೆ ಹೋಗುವವರೆಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಅಚ್ಚಿನ ಬೋಗಿ ಮಾತ್ರ ಕಾಣುವುದಿಲ್ಲ.

ಎಂಜಿನ್ ಕ್ರಾಸಿಂಗ್ ಮೇಲೆಯೇ ನಿಂತುಬಿಡುತ್ತದೆ.

ಕಂಬಿಗಳು ಒಂದನ್ನೊಂದು ಕತ್ತರಿಸುವ ಮೂಲೆಗೆ ಫ್ರಾಗ್ ಅನ್ನುತ್ತಾರೆ. ಅದು ಪ್ಲಾಸ್ಟಿಕ್ ಆಗಿದ್ದರೆ ಅಲ್ಲಿ ಕರೆಂಟ್ ಇಲ್ಲ. ಕೋನ ಸಣ್ಣದಾದಷ್ಟೂ ಈ ಸತ್ತ ತುಂಡು ಉದ್ದ. ನಾಲ್ಕೇ ಗಾಲಿಯ ಪುಟ್ಟ ಎಂಜಿನ್ ಅಲ್ಲಿ ಉಸಿರು ಬಿಡುತ್ತದೆ. ಮೊದಲು ಗಾಲಿ ಮತ್ತು ಕಂಬಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ನೋಡಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಲೋಹದ ಫ್ರಾಗ್ ಇರುವ ಕ್ರಾಸಿಂಗ್ ಹಾಕಬೇಕು. ಅದಕ್ಕೆ ಯಾವ ಲೈನ್ ಬಳಕೆಯಲ್ಲಿದೆಯೋ ಅದರ ಧ್ರುವ ಕೊಡಬೇಕಾಗುತ್ತದೆ. ರಿಲೇಗೆ ಇನ್ನೆರಡು ಕಾಂಟ್ಯಾಕ್ಟ್ ಜಾಸ್ತಿ ಇದ್ದರೆ ಅನುಮತಿ ಕೊಡುವ ರಿಲೇಯೇ ಅದನ್ನೂ ಬದಲಿಸುತ್ತದೆ.

ಸಿಗ್ನಲ್ ಹಾಕಬೇಕಾ?

ಡಿಕ್ಕಿ ತಪ್ಪಿಸಲು ಬೇಕಿಲ್ಲ, ನೋಡಲು ಬೇಕು. ರಿಲೇಯ ಖಾಲಿ ಕಾಂಟ್ಯಾಕ್ಟಿನಿಂದ ಕೆಂಪು, ಹಸಿರು ಎಲ್‌ಇಡಿ ಉರಿಸಿ. ದೋಷ ಹುಡುಕುವಾಗಲೂ ಅದು ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಬೇಡ, ಒಂದು ಲೈನನ್ನು ಸೇತುವೆ ಮೇಲೆ ಹಾಯಿಸಿದರೆ?

ಜಾಗ ಇದ್ದರೆ ಅದೇ ಉತ್ತಮ. ಎಚ್‌ಒನಲ್ಲಿ ಕೆಳಗಿನ ಕಂಬಿಯಿಂದ ಸುಮಾರು 76 ಮಿ.ಮೀ. ಖಾಲಿ ಬಿಡಬೇಕು. ಸೇತುವೆಯ ದಪ್ಪ ಸೇರಿ 90 ಅಂತಿಟ್ಟುಕೊಳ್ಳಿ. 3 ಶೇಕಡಾ ಏರಿಗೆ 3 ಮೀಟರ್ ಹತ್ತಲು, 3 ಮೀಟರ್ ಇಳಿಯಲು.

ಎಲ್ಲ ಸರಿ ಇತ್ತು, ಈಗ ಎರಡೂ ರೈಲು ನಿಂತಿವೆ, ಯಾವುದೂ ಹೊರಡುತ್ತಿಲ್ಲ.

ಯಾವುದೋ ಸೆನ್ಸರ್ "ಇದೆ" ಅನ್ನುತ್ತಲೇ ಇದೆ, ಅಥವಾ ಕಾಯುತ್ತಿರುವ ರೈಲು ಯಾರಿಗೂ ಕಾಣುತ್ತಿಲ್ಲ. ಮೊದಲು ಕ್ರಾಸಿಂಗ್ ಸುತ್ತ ಕಳಚಿ ಬಿದ್ದ ವ್ಯಾಗನ್ ಇದೆಯಾ ನೋಡಿ. ಇದ್ದರೆ ಸರ್ಕ್ಯೂಟಿಗೆ ಒಂದು ನಮಸ್ಕಾರ ಹಾಕಿ, ವ್ಯಾಗನ್ ತೆಗೆಯಿರಿ. ಇಲ್ಲದಿದ್ದರೆ ಇನ್‌ಫ್ರಾರೆಡ್ ಎಲ್‌ಇಡಿ ಉರಿಯುತ್ತಿದೆಯಾ ನೋಡಿ. ಕಣ್ಣಿಗೆ ಕಾಣದಿದ್ದರೂ ಮೊಬೈಲ್ ಕ್ಯಾಮೆರಾದಲ್ಲಿ, ಅದರಲ್ಲೂ ಮುಂದಿನ ಕ್ಯಾಮೆರಾದಲ್ಲಿ, ನೇರಳೆ ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. ದಿನದ ಒಂದೇ ಹೊತ್ತಿನಲ್ಲಿ ತೊಂದರೆ ಬರುತ್ತಿದ್ದರೆ ಕಿಟಕಿ ಬಿಸಿಲು ರಿಸೀವರ್ ಮೇಲೆ ಬೀಳುತ್ತಿರಬೇಕು. ಬಿಸಿಲಿಗೆ ಕಿರಣದ ಸೆನ್ಸರ್ ರೈಲಿದ್ದರೂ "ಇಲ್ಲ" ಅನ್ನುತ್ತದೆ, ಅದು ಇನ್ನೂ ಅಪಾಯ. ರಿಸೀವರ್‌ಗೆ ಎರಡು ಸೆಂ.ಮೀ. ಕಪ್ಪು ಕೊಳವೆ ಸಿಕ್ಕಿಸಿ.

ಓಡಿಸುವ ಮುಂಚೆ ಪರೀಕ್ಷೆ ಹೇಗೆ?

ಒಳ್ಳೆಯ ಎಂಜಿನ್‌ಗಳನ್ನು ಡಬ್ಬಿಯಲ್ಲೇ ಬಿಡಿ, ಹಳೆಯದನ್ನು ತನ್ನಿ. ಒಂದು ಲೈನಿನಲ್ಲಿ ನಿಮ್ಮ ಅತಿ ಚಿಕ್ಕ ರೈಲಿನಷ್ಟು ಉದ್ದಕ್ಕೆ ಬರೀ ವ್ಯಾಗನ್‌ಗಳನ್ನು ಕ್ರಾಸಿಂಗ್ ಮೇಲೆ ಕೈಯಿಂದ ಇಟ್ಟು, ಇನ್ನೊಂದರಲ್ಲಿ ಎಂಜಿನ್ ಬಿಡಿ. ನಿಲ್ಲಬೇಕು. ಅವನ್ನು ಬೆರಳಿನ ಅಗಲದಷ್ಟೇ ಸರಿಸುತ್ತಾ ಪೆನ್ಸಿಲ್ ಗೆರೆಯವರೆಗೂ ನೋಡಿ, ನಡುವೆ ಎಲ್ಲೂ ಎಂಜಿನ್ ಹೊರಡಬಾರದು. ಆಮೇಲೆ ಅತಿ ಜೋರಿನ ವೇಗದಲ್ಲಿ, ಆಮೇಲೆ ತೆವಳುವ ವೇಗದಲ್ಲಿ. ಎರಡೂ ರೈಲನ್ನು ಸೆನ್ಸರ್ ಎದುರು ಇಟ್ಟು ಒಟ್ಟಿಗೆ ಪವರ್ ಕೊಡಿ. ರೈಲು ಕ್ರಾಸಿಂಗ್ ಮೇಲಿದ್ದಾಗ ಪವರ್ ತೆಗೆದು ಮತ್ತೆ ಹಾಕಿ. ಕೊನೆಗೆ ಸೆನ್ಸರ್‌ನ ಒಂದೊಂದೇ ವೈರ್ ಕಳಚಿ ನೋಡಿ. ಕಿರಣದ ರಿಸೀವರ್ ವೈರ್ ಕಳಚಿದರೆ "ರೈಲು ಇದೆ" ಅಂತಲೇ ತೋರಿಸಬೇಕು, "ಖಾಲಿ" ಅಂತ ತೋರಿಸಿದರೆ ಆ ಜೋಡಣೆಯನ್ನು ತಿರುವಿಹಾಕಿ.

ಎಲ್ಲ ಸರಿ ಬಂದಮೇಲೆ ಸೆನ್ಸರ್ ಬೋರ್ಡಿನ ನೀಲಿ ಪೊಟೆನ್ಷಿಯೋಮೀಟರ್ ತಿರುಪಿನ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕಿ. ರೈಲಿನ ಅದುರಿಗೆ ತಿರುಪು ಸರಿಯುವುದಿಲ್ಲ, ಬಂದವರು ಸುಮ್ನೆ ತಿರುಗಿಸಿ ನೋಡುವುದೂ ತಪ್ಪುತ್ತದೆ.